ಹಂಪ್ಟಾ ಪಾಸ್‌ಗೆ ಕಟ್ಟಿದ ಬುತ್ತಿ: ಪ್ಯಾಕೆಟ್ ಊಟ, ಕಡಕ್ ರೊಟ್ಟಿ, ಗೊಜ್ಜವಲಕ್ಕಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗೊಜ್ಜವಲಕ್ಕಿಗೆ.

ಹಿಮಾಚಲದ ಹಂಪ್ಟಾ ಪಾಸ್ ಎಂಬ ಬೆಟ್ಟದ ಕಣಿವೆದಾರಿಗೆ (4,270 ಮೀಟರ್) ಎರಡು ಸಲ ಚಾರಣ ಹೋಗಿಬಂದೆವು. ಅಡುಗೆಯವರಿಲ್ಲ, ಕುದುರೆಯಿಲ್ಲ, ಟೆಂಟು, ಒಲೆ, ಊಟ ಎಲ್ಲವೂ ನಮ್ಮಿಬ್ಬರ ಬೆನ್ನ ಮೇಲೆ.

ಮೊದಲ ಸಲ ಅಂಗಡಿಯ ಪ್ಯಾಕೆಟ್ ಊಟ ಒಯ್ದೆವು, ಮೊದಲೇ ಬೇಯಿಸಿಟ್ಟದ್ದು, ಬಿಸಿ ಮಾಡಿ ತಿಂದರಾಯಿತು. ಮೂರು ದಿನಕ್ಕೆ 12 ಪ್ಯಾಕೆಟ್, ತಲಾ 300 ಗ್ರಾಂ, ಒಟ್ಟು 3.6 ಕೆಜಿ. ಅದರಲ್ಲಿ ಹೆಚ್ಚಿನ ಪಾಲು ನೀರೇ. ದಾರಿಯ ಹೆಚ್ಚಿನ ಕಡೆ ಪಕ್ಕದಲ್ಲೇ ಹೊಳೆ ಹರಿಯುತ್ತಿರುವಾಗ ಬೆಂಗಳೂರಿಂದ ನೀರು ಹೊತ್ತಂತಾಯಿತು. ರುಚಿ ಚೆನ್ನಾಗಿಯೇ ಇತ್ತು.

ನಿಜವಾಗಿ ಕಾಡಿದ್ದು ಖಾಲಿ ಪ್ಯಾಕೆಟ್. ಬೆಟ್ಟದಲ್ಲಿ ಕಸ ಬಿಸಾಡುವಂತಿಲ್ಲ, ಬಿಸಾಡಲೂಬಾರದು. ರಾಜ್ಮಾದ ಎಣ್ಣೆ, ಮಸಾಲೆ ಒಳಗೆಲ್ಲ ಅಂಟಿರುತ್ತದೆ. ಹೊಳೆಯಲ್ಲಿ ತೊಳೆದರೆ ಆ ಎಣ್ಣೆ ಹೊಳೆಗೇ. ಹಾಗಾಗಿ ಮಡಚಿ, ಕವರಿನಲ್ಲಿ ಕಟ್ಟಿ ಬ್ಯಾಗಿಗೆ ತುರುಕಿದೆವು. ದಪ್ಪ ಹಾಳೆ, ಮಡಚಿದರೂ ಮತ್ತೆ ಬಿಚ್ಚಿಕೊಳ್ಳುತ್ತದೆ. ಎರಡನೇ ರಾತ್ರಿ, ಪಾಸಿಗೆ ಮೊದಲು ಟೆಂಟು ಹಾಕುವ ಬಾಲು ಕಾ ಘೇರಾದಲ್ಲಿ ನೋಡಿದರೆ ಪ್ಯಾಕೆಟ್ಟಿನ ಚೂಪು ಮೂಲೆ ಕವರನ್ನು ಹರಿದು, ಸ್ಲೀಪಿಂಗ್ ಬ್ಯಾಗಿನ ಕಾಲ ಕಡೆಗೆಲ್ಲ ಎಣ್ಣೆ ಇಳಿದಿತ್ತು. ಪಾಸಿನ ಆಚೆ, ಚಾರಣ ಮುಗಿಯುವ ಛತ್ರು ತಲುಪುವವರೆಗೂ ಆ ವಾಸನೆಯಲ್ಲೇ ಮಲಗಿದೆ. ಮನೆಗೆ ಬಂದು ಎರಡು ಸಲ ಒಗೆದ ಮೇಲೂ ಅರಿಶಿನದ ಕಲೆ ಉಳಿದಿದೆ.

ಗ್ಯಾಸಿನದೂ ಒಂದು ಮಾತು. ವಿಮಾನದಲ್ಲಿ ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲ, ಮನಾಲಿಯಲ್ಲೇ ಕೊಳ್ಳಬೇಕು. ಗಾಳಿಗೆ ಎದುರಾಗಿ ಒಂದೊಂದೇ ಪ್ಯಾಕೆಟ್ ಬಿಸಿ ಮಾಡುವಷ್ಟರಲ್ಲಿ ಅರ್ಧ ಡಬ್ಬಿ ಮುಗಿದಿತ್ತು. ಅಕ್ಕಿ, ಬೇಳೆ ಒಯ್ಯೋಣವೆಂದರೆ ಬಾಲು ಕಾ ಘೇರಾದಷ್ಟು ಎತ್ತರದಲ್ಲಿ ನೀರು 88 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಗ ಬೇಯುವುದಿಲ್ಲ.

ಎರಡನೇ ಸಲ ವಿಜಯಪುರದ ಗೆಳೆಯ ಅವನ ಅವ್ವ ಬಡಿದುಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಂದ. ಕೆಡುವ ಮಾತೇ ಇಲ್ಲ, ಒಲೆಯೂ ಬೇಡ. ಆದರೆ ಮುರಿಯಬಾರದೆಂದರೆ ಅಗಲದ ಡಬ್ಬಿಯೇ ಬೇಕು, ಅದು ಅರ್ಧ ಬ್ಯಾಗು ತಿನ್ನುತ್ತದೆ. ಚಳಿಯಲ್ಲಿ ಬಾಯಿ ಒಣಗಿದಾಗ ನನಗಂತೂ ಇಳಿಯಲಿಲ್ಲ. ಅವನು ಖುಷಿಯಾಗಿ ತಿಂದ.

ನನ್ನದು ಗೊಜ್ಜವಲಕ್ಕಿ. ಗಟ್ಟಿ ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿ, ಪುಳಿಯೋಗರೆ ಪುಡಿ, ಬೆಲ್ಲದ ಪುಡಿ, ಹುರಿದ ಕೊಬ್ಬರಿ ತುರಿ, ಶೇಂಗಾ ಒಗ್ಗರಣೆ ಬೆರೆಸಿದೆ. ಒಗ್ಗರಣೆ ಪೂರ್ತಿ ಆರಿದ ಮೇಲೆಯೇ ಬೆರೆಸಬೇಕು, ಇಲ್ಲದಿದ್ದರೆ ಬೆವರಿ ಮುಗ್ಗುತ್ತದೆ. ಒಬ್ಬರ ಒಂದು ಹೊತ್ತಿಗೆ 120 ಗ್ರಾಂ, ಒಂದು ಜಿಪ್ ಕವರ್. ಮೇಲೆ ಮಾರ್ಕರಿನಲ್ಲಿ ‘ದಿನ 2, ರಾತ್ರಿ’ ಎಂದು ಬರೆದು, ಕೊನೇ ದಿನದ್ದನ್ನು ಬ್ಯಾಗಿನ ತಳಕ್ಕೆ ಹಾಕಿದೆ. ಇಬ್ಬರಿಗೆ ಲೆಕ್ಕ ಹಾಕಿದರೂ ಒಂದೂವರೆ ಕೆಜಿ ದಾಟುವುದಿಲ್ಲ. ಕುದಿಸಿ ಆರಿಸಿಟ್ಟ ನೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಊಟ. ಅವಲಕ್ಕಿಯನ್ನು ಪುಡಿ ಮಾಡದೆ ಹಾಗೇ ಒಯ್ದರೆ ತಣ್ಣೀರಿನಲ್ಲಿ ಮೆತ್ತಗಾಗಲು ಹೆಚ್ಚು ಹೊತ್ತು ಬೇಕು.

ಬೆಳಿಗ್ಗೆ ಐದಕ್ಕೆ ಹೊರಡುವ ರೂಢಿ ನನ್ನದು, ಆ ಹೊತ್ತಿಗೆ ಒಲೆ ಹಚ್ಚುವುದು ನನ್ನಿಂದಾಗದು. ಸಂಜೆ ಬಿಸಿಬಿಸಿ ಊಟ ಬೇಕೇಬೇಕು ಅನ್ನುವವರು ಮೊದಲ ರಾತ್ರಿಗೆ ಮಾತ್ರ ಎರಡು ಪ್ಯಾಕೆಟ್ ಇಟ್ಟುಕೊಳ್ಳಿ, ಖಾಲಿ ಪ್ಯಾಕೆಟ್ ಹಾಕಲು ಮುಚ್ಚಳ ಬಿಗಿಯಾದ ಒಂದು ಪ್ಲಾಸ್ಟಿಕ್ ಡಬ್ಬಿಯ ಜೊತೆಗೆ.