ಸರ್ಕಾರ ನಡೆಸುತ್ತಿದ್ದ ಪಬ್ಬಿನಲ್ಲಿ ಮಧ್ಯಾಹ್ನದ ಊಟ

5ಕ್ಕೆ 3 ಸ್ಟಾರ್. ಮೂರೂ ಕಟ್ಟಡಕ್ಕೆ. ಊಟಕ್ಕೆ ಏನೂ ಇಲ್ಲ, ಅದಕ್ಕೇ ಪಬ್ಬಿನ ಹೆಸರು ಬರೆಯುತ್ತಿಲ್ಲ.

ಬೆಂಗಳೂರಿನ ಒಂದು ಕಾರ್ಖಾನೆಯ ಕ್ಯಾಂಟೀನನ್ನು 26 ವರ್ಷ ನೋಡಿಕೊಂಡವನು ನಾನು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿರುವ ಮಗಳ ಮನೆಗೆ ಬಂದಾಗ ಅಳಿಯ ರೈಲಿನಲ್ಲಿ ಕಾರ್ಲೈಲ್‌ಗೆ ಕರೆದುಕೊಂಡು ಹೋದ. "ಮಾವ, ಇಲ್ಲಿ ಪಬ್ಬುಗಳನ್ನ ಸರ್ಕಾರವೇ ನಡೆಸುತ್ತಿತ್ತು, ನಿಮಗೆ ಹಿಡಿಸುತ್ತೆ ಬನ್ನಿ" ಅಂದ. ನಮ್ಮ ಎಂಎಸ್‌ಐಎಲ್ ಅಂಗಡಿ ತರಹ ಇರಬೇಕು ಅಂದುಕೊಂಡೆ. ಅಲ್ಲ.

ಮೊದಲನೇ ಮಹಾಯುದ್ಧದಲ್ಲಿ ಇಲ್ಲಿಂದ ಸುಮಾರು 10 ಮೈಲಿ ದೂರದ ಗ್ರೆಟ್ನಾದಲ್ಲಿ ದೊಡ್ಡ ಸಿಡಿಮದ್ದಿನ ಕಾರ್ಖಾನೆ ಎದ್ದಿತು. ಹುಡುಗಿಯರು ನೈಟ್ರೊಗ್ಲಿಸರಿನ್, ಗನ್‌ಕಾಟನ್ ಅನ್ನೋ ಎರಡು ಸ್ಫೋಟಕಗಳನ್ನು ಬರಿಗೈಯಲ್ಲಿ ಕಲಸುತ್ತಿದ್ದರಂತೆ. ಅದಕ್ಕೆ ದೆವ್ವದ ಗಂಜಿ ಅಂತ ಹೆಸರಿಟ್ಟವನು ಷರ್ಲಾಕ್ ಹೋಮ್ಸ್ ಕಥೆ ಬರೆದ ಆರ್ಥರ್ ಕಾನನ್ ಡಾಯ್ಲ್. ಕಾರ್ಖಾನೆ ಕಟ್ಟಲು ಬಂದ ಕೂಲಿಯವರು ಸಂಜೆ ರೈಲು ಹತ್ತಿ ಬಂದು ಇಲ್ಲಿ ಕುಡಿದು ಬೀಳುತ್ತಿದ್ದರು. 1916ರಲ್ಲಿ ಸರ್ಕಾರ ಊರಿನ ಬೀರು ತಯಾರಿಸುವ ಬ್ರೂವರಿ, ಪಬ್ಬು ಕೊಳ್ಳಲು ಶುರುಮಾಡಿತು. ಎಷ್ಟೋ ಪಬ್ಬು ಮುಚ್ಚಿಸಿತು. ಹಳೇ ಪೋಸ್ಟ್ ಆಫೀಸಿನಲ್ಲಿ ಗ್ರೆಟ್ನಾ ಟ್ಯಾವರ್ನ್ ಅಂತ ತೆರೆದು ಊಟದ ವ್ಯವಸ್ಥೆ ಮಾಡಿತು. ಯುದ್ಧ ಮುಗಿದರೂ ಬಿಡಲಿಲ್ಲ. 1973ರವರೆಗೂ ನಡೆಸಿತು.

ನನಗೆ ಹಿಡಿಸಿದ್ದು ಮ್ಯಾನೇಜರನ ಸಂಬಳದ ಲೆಕ್ಕ. ಬೀರು ಎಷ್ಟು ಖರ್ಚಾದರೂ ಅವನಿಗೆ ಒಂದು ಕಾಸೂ ಜಾಸ್ತಿ ಇಲ್ಲ. ಊಟ, ಮದ್ಯವಿಲ್ಲದ ಪಾನೀಯ ಮಾರಿದರೆ ಮಾತ್ರ ಕಮಿಷನ್. ಇದರ ಬೆಲೆ ನನಗೆ ಗೊತ್ತು. ನಮ್ಮ ಕಂಟ್ರಾಕ್ಟರಿಗೆ ಸಬ್ಸಿಡಿ ಚಿತ್ರಾನ್ನದಲ್ಲಿ ಏನೂ ಗಿಟ್ಟುತ್ತಿರಲಿಲ್ಲ, ಬೋಂಡಾದಲ್ಲಿ ಗಿಟ್ಟುತ್ತಿತ್ತು. ಚಿತ್ರಾನ್ನ ಯಾವಾಗಲೂ ಒಂಬತ್ತೂವರೆಗೇ ಖಾಲಿ. ಬೋಂಡಾ ಮಾತ್ರ ಸೆಕೆಂಡ್ ಶಿಫ್ಟಿನವರಿಗೂ ಉಳಿದಿರುತ್ತಿತ್ತು!

ನಾವು ಹೋದ ಪಬ್ಬು ಆಮೇಲಿನದು, ಸರ್ಕಾರದ ವಾಸ್ತುಶಿಲ್ಪಿ ಹ್ಯಾರಿ ರೆಡ್‌ಫರ್ನ್ ಕಾಲದ್ದು. ಗೋಡೆಗೆಲ್ಲ ಓಕ್ ಹಲಗೆ. ಬೆಂಚಿನ ಅಂಚು ಕೂತು ಕೂತು ನಮ್ಮ ಹಳೇ ಮನೆ ಜಗಲಿ ಕಂಬದ ಹಾಗೆ ನುಣ್ಣಗಾಗಿದೆ. ನಿಂತು ಕುಡಿಯೋ ಜಾಗ ಕಡಿಮೆ, ಕೂತು ತಿನ್ನೋ ಜಾಗ ಜಾಸ್ತಿ. ಬೇಕಂತಲೇ ಹಾಗೆ ಕಟ್ಟಿಸಿದ್ದು.

ತಿನ್ನೋಕೆ ಬರಬೇಕಲ್ಲ! ತರಕಾರಿ ಪೈ 45 ನಿಮಿಷ ಆದಮೇಲೆ ಬಂತು. ಮೇಲೆ ಬಿಸಿ, ನಡುವೆ ತಣ್ಣಗೆ. ನನ್ನ ಕ್ಯಾಂಟೀನಿನಲ್ಲಾಗಿದ್ದರೆ ಯೂನಿಯನ್ನಿನವರು ತಟ್ಟೆ ಬಡಿಯುತ್ತಿದ್ದರು.

ನಾನು ಕುಡಿಯುವವನಲ್ಲ. ಅಳಿಯ ನನ್ನೆದುರು ಸಂಕೋಚಪಟ್ಟುಕೊಂಡು ಕೂತಿದ್ದ. ನಾನೇ ಅವನಿಗೊಂದು ಪೈಂಟ್ ಬೀರು ಹೇಳಿದೆ. ಯುದ್ಧದ ಕಾಲದಲ್ಲಿ ಇನ್ನೊಬ್ಬರಿಗೆ ಕುಡಿಸುವುದೇ ಅಪರಾಧವಂತೆ, ಊಟದ ಜೊತೆಗಾದರೆ ಮಾತ್ರ ಪರವಾಗಿಲ್ಲ. ಊಟ ಹೇಳಿದ್ದೀವಲ್ಲ, ಬಚಾವ್ ಅಂದುಕೊಂಡೆ. ಪೈ ಬರುವಷ್ಟರಲ್ಲಿ ಅವನ ಗ್ಲಾಸು ಖಾಲಿ.