ಕೌಂಟರಿನ ಕೆಳಗಿಂದ ಬರುವ ‘ಅಸಲಿ ಕ್ಯೂಬನ್’ ಸಿಗಾರ್: ಟ್ಯಾಂಪಾದಲ್ಲಿ ನನಗಾದದ್ದು, ದಯವಿಟ್ಟು ಓದಿ

ಕ್ಯೂಬಾದ ಸಿಗಾರಿಗೆ ಹೆಸರು ದೊಡ್ಡದು, ಆದರೆ ಅಮೆರಿಕದಲ್ಲಿ ಅದನ್ನು ಮಾರುವಂತಿಲ್ಲ. ಅಲ್ಲಿನ ಯಾವುದೇ ಸಿಗಾರ್ ಅಂಗಡಿಯಲ್ಲಾಗಲಿ, ಸಿಗಾರ್ ಸೇದಲು ಕೂರುವ ಲೌಂಜಿನಲ್ಲಾಗಲಿ ಯಾರಾದರೂ ದನಿ ತಗ್ಗಿಸಿ "ಒಳಗೆ ಅಸಲಿ ಕ್ಯೂಬನ್ ಇದೆ, ನಿಮಗೆ ಅಂತ ಕೊಡ್ತೀನಿ" ಅಂದರೆ ಬೇಡ ಅಂದುಬಿಡಿ. ನೋಡಿಯಾದರೂ ನೋಡೋಣ ಅಂತ ಒಳಗೆ ಹೋಗಬೇಡಿ, ಒಂದನ್ನು ಕೈಗೆ ತಗೊಳ್ಳಲೂ ಬೇಡಿ. ಸಿಗಾರ್ ಸೇದುವ ಹೆಂಗಸರಿಗೆ ಇದನ್ನು ಮುಖ್ಯವಾಗಿ ಹೇಳುತ್ತಿದ್ದೇನೆ. ಊರಿಗೆ ಹೋಗುವಾಗ ಭಾವನಿಗೋ ಬಾಸಿಗೋ ಒಂದು ಬಾಕ್ಸ್ ಒಯ್ಯೋಣ ಅಂತ ಹುಡುಕುವ ನಮ್ಮವರೂ ಬಹಳ ಜನ ಇದ್ದಾರೆ, ಅವರಿಗೂ ಇದು ಬೇಕಾದ ಮಾತು.

ನಾನು ಹುಣಸೂರು ಕಡೆಯ ಹೊಗೆಸೊಪ್ಪಿನ ಮನೆಯ ಮಗಳು. ಅಪ್ಪ ಬೆಳೆದದ್ದು ಸಿಗರೇಟಿಗೆ ಹೋಗುವ ವರ್ಜೀನಿಯಾ ತಂಬಾಕು. ಬ್ಯಾರನ್‌ನಲ್ಲಿ ಬೇಯಿಸಿ, ಹೊಂಬಣ್ಣಕ್ಕೆ ತಂದು, ಗ್ರೇಡ್ ಮಾಡಿ ಕಟ್ಟೆಮಳಲವಾಡಿಯ ಹರಾಜಿಗೆ ಒಯ್ಯುತ್ತಿದ್ದರು. ಸೊಪ್ಪು ಹದಕ್ಕೆ ಬಂದಿದೆಯೋ ಇಲ್ಲವೋ ಅಂತ ಮೂಸಿ ಹೇಳುವುದನ್ನು ಮನೆಯ ಹೆಂಗಸರೇ ನನಗೆ ಕಲಿಸಿದ್ದು. ಅಜ್ಜಿ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಂಡರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ನಾನು ಫ್ಲೋರಿಡಾದ ಟ್ಯಾಂಪಾದಲ್ಲಿ ಸಿಗಾರ್ ಹಚ್ಚಿದರೆ ಮಾತ್ರ ನಮ್ಮವರೂ ನೋಡುತ್ತಾರೆ, ಅಮೆರಿಕನ್ನರೂ ನೋಡುತ್ತಾರೆ.

ಸಿಗಾರ್ ನನಗೆ ನಿಜಕ್ಕೂ ಇಷ್ಟ. ಸಿಗಾರಿನ ತೇವ ಕಾಯ್ದಿಡುವ ಹ್ಯೂಮಿಡಾರ್ ಕೋಣೆಯ ಬಾಗಿಲು ತೆಗೆದೊಡನೆ ಮುಖಕ್ಕೆ ಬಡಿಯುವ ಸೀಡರ್ ಮರದ ವಾಸನೆ, ಹಚ್ಚುವ ಮೊದಲು ಸುಮ್ಮನೆ ಒಮ್ಮೆ ಎಳೆದಾಗ ನಾಲಿಗೆಗೆ ಸಿಗುವ ಒಣಹುಲ್ಲಿನ, ಕೋಕೋದ ರುಚಿ, ಅರ್ಧ ಮುಗಿಯುವ ಹೊತ್ತಿಗೆ ಅದು ಮೆಣಸಿನ ಖಾರಕ್ಕೆ ತಿರುಗುವ ಬಗೆ, ಇವುಗಳಿಗಾಗಿ ಒಂದೂವರೆ ಗಂಟೆ ಕೂರಲು ನಾನು ತಯಾರು. ಹೊಗೆಯನ್ನು ಒಳಗೆಳೆಯುವುದಿಲ್ಲ, ಬಾಯಲ್ಲೇ ಆಡಿಸಿ ಬಿಡುತ್ತೇವೆ. ಹಾಗಂತ ಅದು ನಿರಪಾಯ ಅಲ್ಲ, ಬಾಯಿ ಮತ್ತು ಗಂಟಲ ಕ್ಯಾನ್ಸರಿನ ಅಪಾಯ ಇದ್ದೇ ಇದೆ. ಇದನ್ನು ಓದಿ ಯಾರೂ ಹೊಸದಾಗಿ ಶುರು ಮಾಡಬೇಡಿ. ಈಗಾಗಲೇ ಅಭ್ಯಾಸ ಇರುವವರಿಗಾಗಿ ಬರೆಯುತ್ತಿದ್ದೇನೆ.

ಟ್ಯಾಂಪಾದ ಈಬೋರ್ ಸಿಟಿಗೆ ಬಂದವರಿಗೆ ಅದರ ಹಿನ್ನೆಲೆ ಗೊತ್ತಿರುತ್ತದೆ. 1880ರ ದಶಕದಲ್ಲಿ ವಿಸೆಂತೆ ಮಾರ್ತಿನೇಸ್ ಈಬೋರ್ ಇಲ್ಲಿ ಸಿಗಾರ್ ಕಾರ್ಖಾನೆ ತೆರೆದರು, ಅದರ ಸುತ್ತಲೇ ಊರು ಬೆಳೆಯಿತು. ಕ್ಯೂಬಾದಿಂದ ಎಲೆ ಬರುತ್ತಿತ್ತು, ಕ್ಯೂಬಾ, ಸ್ಪೇನ್, ಇಟಲಿಯಿಂದ ಬಂದವರು ಸಿಗಾರ್ ಸುತ್ತುತ್ತಿದ್ದರು, ಎತ್ತರದ ಪೀಠದ ಮೇಲೆ ಒಬ್ಬ ಓದುಗ ಕೂತು ಅವರಿಗೆ ಪತ್ರಿಕೆ, ಕಾದಂಬರಿ ಓದಿ ಹೇಳುತ್ತಿದ್ದ. 1931ರಲ್ಲಿ ಮಾಲೀಕರು ಆ ಓದುಗರನ್ನು ತೆಗೆದುಹಾಕಿದರು. ಎಲೆಯ ನಡುನರ ಬಿಡಿಸುವ ಕೆಲಸ ಹೆಚ್ಚಾಗಿ ಹೆಂಗಸರದೇ. ನಮ್ಮ ಕರಾವಳಿಯಲ್ಲಿ ಬೀಡಿ ಕಟ್ಟುವುದೂ ಹೆಂಗಸರೇ ಅಲ್ಲವೇ. ಕೊಹಿಬಾ 1966ರಲ್ಲಿ ಶುರುವಾದ, ಕ್ಯೂಬಾದ ಹೆಸರಾಂತ ಸಿಗಾರ್ ಬ್ರ್ಯಾಂಡ್. ಅದರ ಎಲ್ ಲಗಿಟೋ ಕಾರ್ಖಾನೆಯೂ ಹೆಂಗಸರಿಗೆ ಸಿಗಾರ್ ಸುತ್ತಲು ಕಲಿಸಿ ಹೆಸರು ಮಾಡಿತು. ಹೀಗಿರುವಾಗ ಲೌಂಜಿನೊಳಗೆ ಒಬ್ಬಳು ಹೆಂಗಸು ಬಂದರೆ ಅವಳ ಕೈಗೆ ವೆನಿಲಾ ಪರಿಮಳದ ತೆಳು ಸಿಗಾರ್ ಕೊಟ್ಟು "ಇದು ನಿಮಗೆ ಸರಿಹೋಗುತ್ತೆ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಾನು ಸದಸ್ಯೆಯಾಗಿದ್ದ ಲೌಂಜಿನ ಹೆಸರು ಇಲ್ಲಿ ಬರೆಯುವುದಿಲ್ಲ. ತಿಂಗಳ ಶುಲ್ಕ ಕಾರ್ಡಿನಿಂದ ತಾನಾಗಿ ಹೋಗುತ್ತಿತ್ತು. ನನ್ನ ಹೆಸರಿನದೊಂದು ಚಿಕ್ಕ ಲಾಕರ್ ಇತ್ತು, ಒಳ್ಳೆಯ ಚರ್ಮದ ಕುರ್ಚಿಗಳು, ಮಾತಿಗೆ ಸಿಗುವ ಜನ. ಮೊದಮೊದಲು ಗಂಡ ಎಲ್ಲಿ ಅಂತ ಕೇಳುತ್ತಿದ್ದವರು ಬರಬರುತ್ತಾ ನಿಕರಾಗುವದ ಎಲೆ ಮೇಲೋ ಹೊಂಡುರಾಸದ ಎಲೆ ಮೇಲೋ ಅಂತ ನನ್ನ ಜೊತೆ ವಾದಕ್ಕೆ ಕೂರುತ್ತಿದ್ದರು. ಆ ವಾದಗಳು ನನಗೆ ಈಗಲೂ ಬೇಕು ಅನ್ನಿಸುತ್ತವೆ.

ಬೆಂಗಳೂರಿನಿಂದ ಗೆಳತಿಯೊಬ್ಬಳು ಬಂದಿದ್ದಳು. ಅವಳ ತಮ್ಮನಿಗೆ ಒಂದು ಬಾಕ್ಸ್ ಸಿಗಾರ್ ಬೇಕಿತ್ತು. ಭಾರತಕ್ಕೆ ಒಬ್ಬರು ಸುಂಕವಿಲ್ಲದೆ ಒಯ್ಯಬಹುದಾದದ್ದು 25 ಸಿಗಾರ್, ಅಂದರೆ 25ರ ಒಂದು ಬಾಕ್ಸ್. ನಾವು ಡೊಮಿನಿಕನ್ ಸಿಗಾರ್ ನೋಡುತ್ತಿದ್ದಾಗ ಮ್ಯಾನೇಜರ್ ಹತ್ತಿರ ಬಂದು, ಊರಿಗೆ ಒಯ್ಯುವುದಾದರೆ ಇದಕ್ಕಿಂತ ಒಳ್ಳೆಯದು ಇದೆ ಅಂದ. ಹಿಂದಿನ ಕೋಣೆಗೆ ಕರೆದೊಯ್ದು ಕಪಾಟಿನಿಂದ ಒಂದು ಪೆಟ್ಟಿಗೆ ತೆಗೆದ. ಮೇಲ್ಮುಚ್ಚಳಕ್ಕೆ ಗಾಜು, ಒಳಗೆ ಸಾಲಾಗಿ 25 ಎಸ್ಪ್ಲೆಂಡಿಡೋಸ್, ಕೊಹಿಬಾದ್ದೇ ಒಂದು ದೊಡ್ಡ ಸಿಗಾರ್. ಬೆಲೆ 450 ಡಾಲರ್. ಇದು ಇಲ್ಲಿ ಮಾರುವಂತಿಲ್ಲವಲ್ಲ ಅಂತ ನಾನು ಕೇಳಿದೆ. "ಒಬಾಮಾ ಕಾಲದಲ್ಲೇ ಕಾನೂನು ಬದಲಾಯಿತು, ಈಗ ಎಲ್ಲ ಸರಿ" ಅಂದ.

ಈ ಮಾತನ್ನು ಬಹಳ ಕಡೆ ಹೇಳುತ್ತಾರೆ, ಆದ್ದರಿಂದ ನಿಜ ಏನು ಅಂತ ಬಿಡಿಸಿ ಹೇಳುತ್ತೇನೆ. ಕೆನಡಿ 1962ರ ಫೆಬ್ರುವರಿಯಲ್ಲಿ ಕ್ಯೂಬಾದ ಮೇಲಿನ ವ್ಯಾಪಾರ ನಿರ್ಬಂಧಕ್ಕೆ ಸಹಿ ಹಾಕಿದರು. ಅದಕ್ಕೆ ಮುಂಚೆ ತಮಗಾಗಿ ಸಾವಿರ ಕ್ಯೂಬನ್ ಸಿಗಾರ್ ತರಿಸಿಕೊಡಲು ಪತ್ರಿಕಾ ಕಾರ್ಯದರ್ಶಿ ಪಿಯರ್ ಸ್ಯಾಲಿಂಜರ್‌ಗೆ ಹೇಳಿದ್ದರು, ಅವರು 1,200 ತಂದುಕೊಟ್ಟರು. ಇದನ್ನು ಸ್ಯಾಲಿಂಜರ್ ಅವರೇ ಹೇಳಿಕೊಂಡಿದ್ದಾರೆ. 2015ರಲ್ಲಿ ಪ್ರಯಾಣಿಕರು ಸ್ವಂತ ಬಳಕೆಗೆ ಸ್ವಲ್ಪ ತರಬಹುದು ಅಂತಾಯಿತು, 2016ರಲ್ಲಿ ಅದು ಇನ್ನೂ ಸಡಿಲವಾಯಿತು, 2020ರ ಸೆಪ್ಟೆಂಬರಿನಲ್ಲಿ ಅದನ್ನೂ ನಿಲ್ಲಿಸಿದರು. ಅಂಗಡಿಯಲ್ಲಿಟ್ಟು ಮಾರಲು ಈ ನಡುವೆ ಒಂದು ದಿನವೂ ಅನುಮತಿ ಇರಲಿಲ್ಲ. ಅಮೆರಿಕದ ಅಂಗಡಿಗಳಲ್ಲಿ ರಾಜಾರೋಷವಾಗಿ ಕಾಣುವ ಕೊಹಿಬಾ, ಮೊಂಟೆಕ್ರಿಸ್ಟೊ, ಪಾರ್ತಾಗಾಸ್ ಕ್ಯೂಬಾದವಲ್ಲ. ಅದೇ ಹೆಸರಿನಲ್ಲಿ ಬೇರೆ ಕಂಪನಿಗಳು ಬೇರೆ ದೇಶಗಳಲ್ಲಿ ಮಾಡಿಸುವಂಥವು. ಅವು ಕಾನೂನುಬದ್ಧ, ಅದರಲ್ಲಿ ಮೋಸವಿಲ್ಲ.

ಆ ಪೆಟ್ಟಿಗೆ ಬೇಡ ಅಂದೆ. ಗೆಳತಿ "ಎಷ್ಟು ಚೆನ್ನಾಗಿದೆ ಕಣೇ" ಅಂತ ಅದರ ಫೋಟೊ ಮಾತ್ರ ತೆಗೆದುಕೊಂಡಳು. ನಾವು ಹೊರಗೆ ಬಂದು ಕೂತೆವು. ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ಅದೇ ಪೆಟ್ಟಿಗೆಯಿಂದ ಒಂದನ್ನು ತಟ್ಟೆಯಲ್ಲಿಟ್ಟು ತಂದು, ಇದು ನನ್ನ ಕಡೆಯಿಂದ, ನೋಡಿ ಹೇಳಿ ಅಂದ.

ನೋಡಿದೆ. ಕೊಹಿಬಾ ಸಿಗಾರಿಗೆ ಸುತ್ತಿದ ಕಾಗದದ ಪಟ್ಟಿಯ ಮೇಲೆ ಬಿಳಿ ಚೌಕಗಳ ಸಾಲುಗಳಿರುತ್ತವೆ, ಅಸಲಿನಲ್ಲಿ ಆ ಚೌಕಗಳು ಇಡಿಯಾಗಿ, ಅಚ್ಚುಕಟ್ಟಾಗಿ ಕೂತಿರುತ್ತವೆ. ಇದರಲ್ಲಿ ಮೇಲಿನ ಸಾಲು ಅರ್ಧಕ್ಕೇ ಕತ್ತರಿಸಿಹೋಗಿತ್ತು, ಬಂಗಾರದ ಬಣ್ಣ ಬೆರಳಿಗೆ ಉಬ್ಬು ತಾಗದೆ ನುಣ್ಣಗಿತ್ತು. ಬಾಯಿಗಿಡುವ ತುದಿಗೆ ಕ್ಯೂಬಾದವರು ಎಲೆಯನ್ನು ಸುತ್ತುಸುತ್ತಾಗಿ ಕೂರಿಸಿ ಮುಗಿಸುತ್ತಾರೆ, ಗಮನಿಸಿದರೆ ಗೆರೆ ಮೇಲೆ ಗೆರೆ ಕಾಣುತ್ತದೆ. ಇಲ್ಲಿ ಒಂದು ತುಂಡು ಎಲೆಯನ್ನು ಗೋಂದು ಹಚ್ಚಿ ಅಂಟಿಸಿದ್ದರು. ಆಮೇಲೆ ಮೂಗಿಗೆ ಹಿಡಿದೆ. ಅಮೋನಿಯಾದ ಘಾಟು! ಅದು ಸಾಕಷ್ಟು ಕಳಿಯದ ಸೊಪ್ಪಿನ ವಾಸನೆ. ಸಿಗಾರಿನ ಎಲೆಯನ್ನು ನೆರಳಲ್ಲಿ ಒಣಗಿಸಿ, ರಾಶಿ ಹಾಕಿ ಕಳಿಯಲು ಬಿಡುತ್ತಾರೆ. ರಾಶಿ ಕಾವೇರಿದಂತೆ ಆ ಘಾಟು ಬಿಟ್ಟುಹೋಗುತ್ತದೆ. ಕೊಹಿಬಾಕ್ಕೆ ಹೋಗುವ ಕೆಲವು ಎಲೆಗಳನ್ನು ಮೂರನೆಯ ಸಲವೂ ಪೀಪಾಯಿಗಳಲ್ಲಿಟ್ಟು ಕಳಿಯಲು ಬಿಡುತ್ತಾರೆ. ಅಂಥದ್ದರಲ್ಲಿ ಇಷ್ಟು ಘಾಟು ಬಂದರೆ ಅನುಮಾನ ಪಡಬೇಕು. ಚಾಕು ಕೇಳಿ ಉದ್ದಕ್ಕೆ ಸೀಳಿದೆ. ಒಳಗೆ ಉದ್ದನೆಯ ಎಲೆಗಳ ಬದಲು ಪುಡಿಪುಡಿ ಚೂರು, ನಡುವೆ ಬೆಂಕಿಕಡ್ಡಿಯಷ್ಟು ದಪ್ಪದ ದಂಟು. ನಮ್ಮೂರಲ್ಲಿ ಗ್ರೇಡ್ ಮಾಡುವಾಗ ನೆಲಕ್ಕೆ ಉದುರಿದ್ದನ್ನು ಗುಡಿಸಿ ಹಾಕುತ್ತಾರಲ್ಲ, ಆ ಥರದ ಸರಕು.

ಮ್ಯಾನೇಜರ್‌ಗೆ ತೋರಿಸಿದೆ. ಅವನು ನಕ್ಕು, ಹೆಂಗಸರ ನಾಲಿಗೆಗೆ ಕ್ಯೂಬನ್ ಒಗ್ಗುವುದಿಲ್ಲ, ಅದು ಗಂಡಸರ ಸಿಗಾರ್ ಅಂದ. ಸುತ್ತ ಕೂತಿದ್ದವರಲ್ಲಿ ಒಬ್ಬರೂ ಮಾತಾಡಲಿಲ್ಲ. ಅವರಲ್ಲಿ ಕ್ಯೂಬಾ ಮೂಲದ ಹಿರಿಯರೊಬ್ಬರಿದ್ದರು, ನನ್ನ ಜೊತೆ ಎಷ್ಟೋ ಸಂಜೆ ಮಾತಾಡಿದವರು. ಪಾರ್ಕಿಂಗ್ ಹತ್ತಿರ ಸಿಕ್ಕಾಗ, ಅದು ನಕಲಿ ಅಂತ ಇಲ್ಲಿ ಎಲ್ಲರಿಗೂ ಗೊತ್ತಮ್ಮ, ಹೊಸಬರಿಗೆ ಮಾರುವುದು ಅಂದರು. ನನಗೆ ಬಹಳ ನೋವಾಗಿದ್ದು ಇದೇ. ಮ್ಯಾನೇಜರ್ ಸುಳ್ಳು ಹೇಳಿದ್ದಕ್ಕಿಂತ ಇವರು ಸುಮ್ಮನೆ ಕೂತದ್ದು.

ತಿಂಗಳ ಕೊನೆಗೆ ಸ್ಟೇಟ್‌ಮೆಂಟ್ ನೋಡಿದರೆ ಶುಲ್ಕದ ಜೊತೆ ಇನ್ನೊಂದು 450 ಡಾಲರ್ ಹೋಗಿತ್ತು. ಎದುರಿಗೆ ‘ಹ್ಯೂಮಿಡಾರ್ ಸಾಮಗ್ರಿ’ ಅಂತ ಬರೆದಿದೆ. ಕೇಳಿದರೆ, ನಿಮಗಾಗಿ ಪೆಟ್ಟಿಗೆ ಒಡೆದೆವು, ಒಡೆದ ಮಾಲು ಸದಸ್ಯರ ಲೆಕ್ಕಕ್ಕೆ, ಫಾರ್ಮಿನಲ್ಲಿ ಸಹಿ ಇದೆಯಲ್ಲ ಅಂದರು. ದುಡ್ಡಿನ ವಿಷಯ ಮುಗಿಯುವ ತನಕ ಲಾಕರ್ ತೆಗೆಯುವಂತಿಲ್ಲ ಅಂತಲೂ ಹೇಳಿದರು. ಬ್ಯಾಂಕಿಗೆ ದೂರು ಕೊಟ್ಟೆ. ಬ್ಯಾಂಕಿನವರು ಮೊದಲು ದುಡ್ಡು ವಾಪಸ್ ಹಾಕಿ, ಲೌಂಜಿನವರು ಆ ಸಹಿಯ ಫಾರ್ಮ್ ಕಳಿಸಿದೊಡನೆ ಮತ್ತೆ ಕಿತ್ತುಕೊಂಡರು. ಕಾಗದದ ಮೇಲೆ ಎಲ್ಲೂ ಸಿಗಾರ್ ಅನ್ನುವ ಶಬ್ದವೇ ಇಲ್ಲ, ಕ್ಯೂಬಾದ ಹೆಸರಂತೂ ದೂರ.

ಈ ದಂಧೆ ನಡೆಯುವುದೇ ಹೀಗೆ. ಕೊಂಡವರು ಪೊಲೀಸರ ಹತ್ತಿರ ಹೋಗಿ ನಾನು ಕಾನೂನುಬಾಹಿರ ಮಾಲು ಕೊಂಡೆ, ಅದು ನಕಲಿ ಅಂತ ದೂರು ಕೊಡುತ್ತಾರೆಯೇ? ಕೊಡುವುದಿಲ್ಲ. ಅದರಲ್ಲೂ ನಮ್ಮ ಹೆಣ್ಣುಮಕ್ಕಳು ಬಾಯಿಬಿಡುವುದಿಲ್ಲ, ಸಿಗಾರ್ ಸೇದುವ ವಿಷಯವೇ ಮನೆಯಲ್ಲಿ ಗೊತ್ತಿರುವುದಿಲ್ಲ. ವೀಸಾದ ಮೇಲೆ ಇರುವವರಿಗೆ ಇನ್ನೊಂದು ಹೆದರಿಕೆ. ಮಾರುವವನಿಗೆ ಇವೆಲ್ಲ ಚೆನ್ನಾಗಿ ಗೊತ್ತು.

ನನ್ನ ವಿಷಯದಲ್ಲಿ ಅವರ ಲೆಕ್ಕ ತಪ್ಪಿದ್ದು ಎರಡು ಕಾರಣಕ್ಕೆ. ನಾನು ಕೊಂಡಿರಲಿಲ್ಲ, ಮತ್ತು ಗೆಳತಿಯ ಫೋನಿನಲ್ಲಿ ಗಾಜಿನ ಪೆಟ್ಟಿಗೆಯ ಫೋಟೊ ತಾರೀಖಿನ ಸಮೇತ ಇತ್ತು. ಅದನ್ನು ಲಗತ್ತಿಸಿ, ಫ್ಲೋರಿಡಾ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ವಿಭಾಗಕ್ಕೆ ಇದನ್ನೇ ಕಳಿಸುತ್ತೇನೆ ಅಂತ ಮಾಲೀಕರಿಗೆ ಬರೆದೆ. ಆಗ ದುಡ್ಡು ಬಂತು. ಸದಸ್ಯತ್ವ ಹೋಯಿತು. ಲಾಕರಿನಲ್ಲಿದ್ದ ನನ್ನ ಸಿಗಾರುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಕೊಟ್ಟರು, ತೇವ ನೋಡುವವರಿಲ್ಲದೆ ಹೊರ ಎಲೆ ಒಡೆದು ಸುಲಿದುಬಂದಿತ್ತು. ದೂರನ್ನಂತೂ ಕಳಿಸಿಯೇ ಕಳಿಸಿದೆ, ದುಡ್ಡು ಬಂತು ಅಂತ ಬಿಡುವ ವಿಷಯ ಇದಲ್ಲ.

ದುಬೈ, ಲಂಡನ್, ಟೊರಾಂಟೊದಂಥ ಊರುಗಳಲ್ಲಿ ಕ್ಯೂಬನ್ ಮಾರುವುದು ಕಾನೂನುಬದ್ಧ, ಆದರೂ ನಕಲಿ ಅಲ್ಲೂ ಇದೆ. ಕ್ಯೂಬಾದ ರಾಜಧಾನಿ ಹವಾನಾದ ಬೀದಿಯಲ್ಲಿ "ನಮ್ಮಣ್ಣ ಕಾರ್ಖಾನೆಯಲ್ಲಿದ್ದಾನೆ, ಇವತ್ತು ಸಹಕಾರಿ ದಿನ, ಅರ್ಧ ಬೆಲೆ" ಅಂತ ಮನೆಗೆ ಕರೆದೊಯ್ಯುವವರದ್ದು ಹಳೆಯ ಆಟ. ಎಲ್ಲಿಯೇ ಆಗಲಿ, ಗಾಜಿನ ಮುಚ್ಚಳದ ಕೊಹಿಬಾ ಪೆಟ್ಟಿಗೆ ಕಂಡರೆ ಮುಂದೆ ನೋಡುವುದೇ ಬೇಡ. ಕ್ಯೂಬಾದ ಸಿಗಾರ್ ಮಾರುವ ಹಬಾನೋಸ್ ಸಂಸ್ಥೆ ಅಂಥ ಪೆಟ್ಟಿಗೆ ಮಾಡಿಯೇ ಇಲ್ಲ. ಅಸಲಿ ಪೆಟ್ಟಿಗೆಯನ್ನು ಮಗುಚಿದರೆ ತಳದಲ್ಲಿ ‘ಹೆಚೊ ಎನ್ ಕ್ಯೂಬಾ’ (ಕ್ಯೂಬಾದಲ್ಲಿ ಮಾಡಿದ್ದು) ಅನ್ನುವ ಮುದ್ರೆ ಮರಕ್ಕೆ ಸುಟ್ಟು ಒತ್ತಿದ್ದು ಇರುತ್ತದೆ, ಬೆರಳಾಡಿಸಿದರೆ ತಗ್ಗು ಸಿಗುತ್ತದೆ. ಪಕ್ಕದಲ್ಲಿ ಶಾಯಿಯಲ್ಲಿ ಕಾರ್ಖಾನೆಯ ಸಂಕೇತ, ತಿಂಗಳು, ವರ್ಷ. ಹಸಿರು ಬಣ್ಣದ ಸರ್ಕಾರಿ ಮುದ್ರೆಪಟ್ಟಿಯ ಮೇಲೆ ಹೊಲೊಗ್ರಾಮ್ ಮತ್ತು ಬಾರ್‌ಕೋಡ್ ಇದ್ದು, ಆ ಸಂಖ್ಯೆಯನ್ನು ಹಬಾನೋಸ್ ಜಾಲತಾಣದಲ್ಲಿ ಹಾಕಿ ನೋಡಬಹುದು. ಮುದ್ರೆಪಟ್ಟಿಯನ್ನೂ ನಕಲು ಮಾಡುವವರಿದ್ದಾರೆ, ಹಾಗಾಗಿ ಲಾ ಕಾಸಾ ದೆಲ್ ಹಬಾನೊದಂಥ ಅಧಿಕೃತ ಅಂಗಡಿ ಬಿಟ್ಟು ಬೇರೆ ಕಡೆ ಕೊಳ್ಳದಿರುವುದೇ ಮೇಲು. ಬೆಲೆಯೂ ಒಂದು ಸುಳಿವು. 2022ರಲ್ಲಿ ಕೊಹಿಬಾದ ಬೆಲೆಯನ್ನು ಜಗತ್ತಿನಾದ್ಯಂತ ಹಾಂಕಾಂಗಿನ ದುಬಾರಿ ಮಟ್ಟಕ್ಕೆ ಏರಿಸಿದರು. 25ರ ಪೆಟ್ಟಿಗೆಗೆ 450 ಅಂದರೆ ಒಂದಕ್ಕೆ 18 ಡಾಲರ್, ಆ ಬೆಲೆಗೆ ಸಿಗುವ ಅಸಲಿ ಎಸ್ಪ್ಲೆಂಡಿಡೋಸ್ ಈಗ ಭೂಮಿಯ ಮೇಲೆ ಎಲ್ಲೂ ಇಲ್ಲ.

ಲೌಂಜ್ ಸೇರುವವರು ಫಾರ್ಮಿನಲ್ಲಿ ‘ಸದಸ್ಯರ ಲೆಕ್ಕಕ್ಕೆ’ ಅನ್ನುವ ಸಾಲು ಎಲ್ಲಿದೆ ನೋಡಿ, ಶುಲ್ಕ ಬಿಟ್ಟು ಬೇರೇನನ್ನೂ ನನ್ನನ್ನು ಕೇಳದೆ ಕಾರ್ಡಿನಿಂದ ತೆಗೆಯಬಾರದು ಅಂತ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಸೇರಬೇಡಿ. ಡೆಬಿಟ್ ಕಾರ್ಡ್ ಕೊಡಲೇಬೇಡಿ. ಕ್ರೆಡಿಟ್ ಕಾರ್ಡ್ ಆದರೆ ತಪ್ಪು ಲೆಕ್ಕ ಇರುವ ಮೊದಲ ಸ್ಟೇಟ್‌ಮೆಂಟನ್ನು ಬ್ಯಾಂಕಿನವರು ಕಳಿಸಿದ 60 ದಿನದೊಳಗೆ ಅವರಿಗೆ ಲಿಖಿತ ತಕರಾರು ತಲುಪಬೇಕು. ಬಿಲ್ಲಿನಲ್ಲಿ ಸಿಗಾರಿನ ಹೆಸರು, ಅಳತೆ, ಬೆಲೆ ಇರಲಿ. ‘ಸಾಮಗ್ರಿ’, ‘ಸೇವೆ’ ಅಂತ ಬರೆದಿದ್ದರೆ ಅಲ್ಲೇ ನಿಂತು ಬದಲಾಯಿಸಿಕೊಳ್ಳಿ. ಲಾಕರಿನಲ್ಲಿ ಇಟ್ಟದ್ದರ ಫೋಟೊ ಆಗಾಗ ತೆಗೆದಿಡಿ.

ಟ್ಯಾಂಪಾ, ಒರ್ಲ್ಯಾಂಡೊ ಕಡೆ ಇರುವ ಯಾರಿಗಾದರೂ ಇಂಥದೇ ಆಗಿದ್ದರೆ ನನಗೆ ತಿಳಿಸಿ. ದೂರು ಬರೆದ ಕ್ರಮ, ಯಾವ ಕಾಗದ ಲಗತ್ತಿಸಿದೆ ಎಲ್ಲ ಕಳಿಸಿಕೊಡುತ್ತೇನೆ. ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ಹೇಳಬೇಡಿ, ನಾನೂ ಕೇಳುವುದಿಲ್ಲ.