ಮಕ್ಕಳಿರುವ ಮನೆಗೆ ಯಾವ ಉಪ್ಪು, ಯಾವ ಎಣ್ಣೆ? ದಿನಸಿ ಅಂಗಡಿಯ ಎರಡು ಸಾಲುಗಳ ವಿಮರ್ಶೆ

ಬಿಳಿ ಪುಡಿಯುಪ್ಪು, ಕಲ್ಲುಪ್ಪು, ಗುಲಾಬಿ ಬಣ್ಣದ ಸೈಂಧವ ಲವಣ, ಸೋಡಿಯಂ ಕಡಿಮೆ ಇರುವ ಉಪ್ಪು, ಕಬ್ಬಿಣ ಸೇರಿಸಿದ ಉಪ್ಪು. ದಿನಸಿ ಅಂಗಡಿಯಲ್ಲಿ ಈಗ ಉಪ್ಪೇ ಐದು ಬಗೆ. ಪಕ್ಕದ ಸಾಲಿನ ಎಣ್ಣೆಗಳಂತೂ ಎಣಿಕೆಗೆ ಸಿಗುವುದಿಲ್ಲ. ಸಾಮಾನ್ಯವಾಗಿ ದೊಡ್ಡವರ ಬಿಪಿ, ಕೊಲೆಸ್ಟರಾಲ್ ನೋಡಿಕೊಂಡು ಇವನ್ನು ಆರಿಸುತ್ತಾರೆ. ಅದೇ ಪ್ಯಾಕೆಟ್ ಮಗುವಿನ ತಟ್ಟೆಗೂ ಬರುತ್ತದೆ, ಅಲ್ಲಿ ಲೆಕ್ಕ ಹೆಚ್ಚುಕಡಿಮೆ ತಿರುವುಮುರುವು: ಕಡಿಮೆ ಮಾಡಬೇಕಾದ್ದು ಉಪ್ಪು, ಮನೆಯವರು ಕಡಿಮೆ ಮಾಡುವುದು ಎಣ್ಣೆ.

ಅಳತೆ ನೋಡಿ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹಾಕಿರುವ ದಿನದ ಮಿತಿ 1–3 ವರ್ಷಕ್ಕೆ 2 ಗ್ರಾಂ ಉಪ್ಪು, 4–6ಕ್ಕೆ 3 ಗ್ರಾಂ, 7–10ಕ್ಕೆ 5 ಗ್ರಾಂ. ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂ ಒಳಗೆ. ಮಟ್ಟಸವಾಗಿ ತುಂಬಿದ ಒಂದು ಟೀ ಚಮಚ ಪುಡಿಯುಪ್ಪು ಸುಮಾರು 6 ಗ್ರಾಂ ತೂಗುತ್ತದೆ. ಅಂದರೆ ಎರಡು ವರ್ಷದ ಮಗುವಿಗೆ ದಿನಕ್ಕೆ ಚಮಚದ ಮೂರನೇ ಒಂದು ಭಾಗ. ಬಿಸ್ಕತ್ತು, ಬ್ರೆಡ್ಡು, ಹಪ್ಪಳ, ಉಪ್ಪಿನಕಾಯಿ ಎಲ್ಲವೂ ಅದರೊಳಗೇ. ವರ್ಷ ತುಂಬದ ಕೂಸಿನ ಮಣ್ಣಿಗೆ, ಅನ್ನಕ್ಕೆ ಉಪ್ಪು ಹಾಕಲೇಬಾರದು, ಅದರ ಮೂತ್ರಪಿಂಡ ಇನ್ನೂ ಆ ಹೊರೆಗೆ ತಯಾರಾಗಿರುವುದಿಲ್ಲ. "ಸಪ್ಪೆ ಆಗಲ್ವಾ?" ಅನ್ನಿಸುವುದು ತಿನ್ನಿಸುವವರಿಗೆ, ಕೂಸಿಗಲ್ಲ.

ಎಣ್ಣೆಗೆ ಬಂದರೆ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ (ಎನ್‌ಐಎನ್) 2011ರ ಮಾರ್ಗಸೂಚಿಯಲ್ಲಿ 4–6 ವರ್ಷದ ಮಗುವಿಗೆ ದಿನಕ್ಕೆ 25 ಗ್ರಾಂ, ಕುಳಿತು ಕೆಲಸ ಮಾಡುವ ಗಂಡಸಿಗೂ ಅದೇ 25 ಗ್ರಾಂ. 7–9ರ ಮಗುವಿಗೆ 30. ತುಪ್ಪ, ಬೆಣ್ಣೆಯೂ ಇದರಲ್ಲೇ ಸೇರಿತು. ಮಗುವಿನ ಹೊಟ್ಟೆ ಸಣ್ಣದು, ಬೆಳವಣಿಗೆಯ ಬೇಡಿಕೆ ದೊಡ್ಡದು. ಒಂದು ಟೀ ಚಮಚ ಎಣ್ಣೆ ಅಥವಾ ತುಪ್ಪ ರಾಗಿ ಮಣ್ಣಿಗೆ 40 ಕ್ಯಾಲೊರಿ ಸೇರಿಸುತ್ತದೆ, ಬಟ್ಟಲು ಹಿಗ್ಗುವುದಿಲ್ಲ. ಕ್ಯಾರೆಟ್, ಸೊಪ್ಪಿನಲ್ಲಿರುವ ಕ್ಯಾರೊಟಿನ್ (ಮೈಯಲ್ಲಿ ವಿಟಮಿನ್ ಎ ಆಗುವ ಅಂಶ) ಮೈಗೆ ಹತ್ತುವುದಕ್ಕೂ ಜಿಡ್ಡು ಬೇಕು. ಎಣ್ಣೆಯಿಲ್ಲದೆ ಬೇಯಿಸಿದ ಸೊಪ್ಪಿನ ಪಲ್ಯ ಮಗುವಿಗೆ ಅರ್ಧ ನಷ್ಟ.

ಈಗ ಉಪ್ಪಿನ ಸಾಲು.

ಅಯೋಡಿನ್ ಇರುವ ಸಾದಾ ಪುಡಿಯುಪ್ಪು ಎಲ್ಲಕ್ಕಿಂತ ಅಗ್ಗ, ಮಕ್ಕಳ ಮನೆಗೆ ಎಲ್ಲಕ್ಕಿಂತ ಒಳ್ಳೆಯದು. ಗ್ರಾಹಕರ ಕೈಸೇರುವಾಗ ಕನಿಷ್ಠ 15 ಪಿಪಿಎಂ ಅಯೋಡಿನ್ ಇರಬೇಕೆಂಬುದು ನಿಯಮ, ಅಂದರೆ ಗ್ರಾಂಗೆ 15 ಮೈಕ್ರೊಗ್ರಾಂ. ಐದು ವರ್ಷದ ಮಗುವಿಗೆ ದಿನಕ್ಕೆ ಬೇಕಾದ್ದು 90. ಮಿತಿಯಷ್ಟು, 3 ಗ್ರಾಂ ಉಪ್ಪು ತಿಂದರೆ 45 ಸಿಗುತ್ತದೆ, ಉಳಿದದ್ದು ಹಾಲು, ಮೊಟ್ಟೆ, ಮೀನಿನಿಂದ ಬರಬೇಕು. ಮಗು ತಿನ್ನುವ ಉಪ್ಪು ಕಡಿಮೆಯಾದಷ್ಟೂ ಅದರಲ್ಲಿ ಅಯೋಡಿನ್ ಇರಲೇಬೇಕಾಗುತ್ತದೆ. ಬಿಸಿಗೂ ತೇವಕ್ಕೂ ಅಯೋಡಿನ್ ಕಳೆದುಹೋಗುವುದರಿಂದ ಒಲೆಯ ಪಕ್ಕ ಬಾಯಿ ತೆರೆದ ಮರಿಗೆಯಲ್ಲಿ ಉಪ್ಪಿಡಬೇಡಿ. ಮುಚ್ಚಳದ ಡಬ್ಬಿ, ಒಣ ಚಮಚ, ಒಲೆ ಆರಿಸುವ ಹೊತ್ತಿಗೆ ಉಪ್ಪು.

ಸೈಂಧವ ಲವಣದ ಬೆಲೆ ಹಲವು ಪಟ್ಟು. ಗುಲಾಬಿ ಬಣ್ಣ ಕಬ್ಬಿಣದ ತುಕ್ಕಿನಂಶದ್ದು. ಮಗು ತಿನ್ನುವ ಎರಡು ಮೂರು ಗ್ರಾಂನಲ್ಲಿ ಮಾರುವವರು ಹೇಳುವ ಆ "ಎಂಬತ್ತನಾಲ್ಕು ಖನಿಜ" ಲೆಕ್ಕಕ್ಕೆ ಬರುವಷ್ಟಿಲ್ಲ. ಸೋಡಿಯಂ ಮಾತ್ರ ಸಾದಾ ಉಪ್ಪಿನಷ್ಟೇ. ಎಷ್ಟೋ ಪ್ಯಾಕೆಟ್ಟುಗಳಲ್ಲಿ ಅಯೋಡಿನ್ ಇಲ್ಲ. ಪಾನಕಕ್ಕೆ, ಏಕಾದಶಿಗೆ ಇರಲಿ, ದಿನದ ಅಡುಗೆಗೆ ಬೇಡ.

ಕಲ್ಲುಪ್ಪಿನ ಮೇಲೆ ನಮಗೆ ದ್ವೇಷವಿಲ್ಲ, ಉಪ್ಪಿನಕಾಯಿಗೆ ಅದೇ ಸರಿ. ಆದರೆ ಅಯೋಡಿನ್ ಹರಳಿನ ಮೈಮೇಲೆ ಕೂತಿರುತ್ತದೆ, ಕಸ ಹೋಗಲೆಂದು ತೊಳೆದರೆ ಅದೂ ಹೋಯಿತು.

ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲಿ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪನ್ನು ದೊಡ್ಡವರಿಗೆ ಸೂಚಿಸಿತು, ಆದರೆ ಮಕ್ಕಳು, ಗರ್ಭಿಣಿಯರು ಮತ್ತು ಮೂತ್ರಪಿಂಡದ ತೊಂದರೆ ಇರುವವರನ್ನು ಆ ಸೂಚನೆಯಿಂದ ಹೊರಗಿಟ್ಟಿತು. ಅಜ್ಜನಿಗೆ ತಂದದ್ದು ಅಜ್ಜನ ಡಬ್ಬಿಯಲ್ಲೇ ಇರಲಿ.

ಕಬ್ಬಿಣ ಸೇರಿಸಿದ ಉಪ್ಪಿಗೆ ಅರ್ಧ ಮೆಚ್ಚುಗೆ. ಕೆಜಿಗೆ 850ರಿಂದ 1,100 ಮಿಲಿಗ್ರಾಂ ಕಬ್ಬಿಣ ಇರುವುದರಿಂದ 3 ಗ್ರಾಂ ತಿನ್ನುವ ಮಗುವಿಗೆ ಸಿಗುವುದು 3 ಮಿಲಿಗ್ರಾಂ ಆಸುಪಾಸು. ರಕ್ತಹೀನತೆಗೆ ಕೊಟ್ಟ ಸಿರಪ್ಪನ್ನು ಇದರ ಭರವಸೆಯಲ್ಲಿ ನಿಲ್ಲಿಸಬೇಡಿ. ಮೊಸರನ್ನದಲ್ಲಿ ಕಪ್ಪು ಚುಕ್ಕೆ ಕಂಡರೆ ಅದು ಕೊಳೆಯಲ್ಲ, ಉಪ್ಪಿನ ಕಬ್ಬಿಣ. ಥಲಸ್ಸೀಮಿಯಾ (ಮೈಯಲ್ಲಿ ಕಬ್ಬಿಣ ಶೇಖರವಾಗುವ ರಕ್ತದ ಕಾಯಿಲೆ) ಇರುವ ಮಗುವಿಗೆ ವೈದ್ಯರನ್ನು ಕೇಳದೆ ಕೊಡಬಾರದು.

ಎಣ್ಣೆಯ ಸಾಲಿನಲ್ಲಿ ಈಗ ಪೈಪೋಟಿ ಮರದ ಗಾಣದ ಕಡ್ಲೆಕಾಯಿ ಎಣ್ಣೆಗೂ ರಿಫೈನ್ಡ್ ಎಣ್ಣೆಗೂ. ಗಾಣದ್ದು ಘಮ ಚೆನ್ನ, ಒಗ್ಗರಣೆಗೆ, ಚಟ್ನಿಪುಡಿಗೆ ಕಲಸಲು ಅದಕ್ಕೆ ಸಾಟಿಯಿಲ್ಲ. ಕೊಳ್ಳುವ ಮುಂಚೆ ಒಂದು ಲೆಕ್ಕ ಹಾಕಿ: ಒಂದು ಲೀಟರಿಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು. ಗಾಣದಲ್ಲಿ ಉಳಿಯುವ ಹಿಂಡಿಯನ್ನು ಮಾರಿ ಬಂದದ್ದನ್ನು ಕಳೆದರೂ ಬೀಜದ ಬೆಲೆಗಿಂತ ತೀರಾ ಅಗ್ಗಕ್ಕೆ ಕೊಡುತ್ತಿದ್ದರೆ ಬೇರೆ ಎಣ್ಣೆ ಬೆರೆತಿದೆ. ಬೂಷ್ಟು ಹಿಡಿದ ಬೀಜ ಅರೆದರೆ ಅದರ ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ ಗಸಿಯ ಜೊತೆ ಎಣ್ಣೆಗೂ ಬರುತ್ತದೆ, ರಿಫೈನಿಂಗ್‌ನಲ್ಲಿ ಅದು ಹೋಗುತ್ತದೆ. ಹಾಗಾಗಿ ಬೀಜ ಆರಿಸಿ ಅರೆಯುವುದನ್ನು ಕಣ್ಣಾರೆ ನೋಡಬಹುದಾದ ಗಾಣವೇ ಗಾಣ. ಕಡ್ಲೆಕಾಯಿ ಅಲರ್ಜಿ ಇರುವ ಮಗುವಿಗೆ ಗಾಣದ ಎಣ್ಣೆ ಅಪಾಯ, ಬೀಜದ ಪ್ರೋಟೀನು ಅದರಲ್ಲಿ ಉಳಿದಿರುತ್ತದೆ. ಗಸಿ ಇಳಿಯಲೆಂದು ಬಿಸಿಲಿಗಿಡುವ ಪದ್ಧತಿ ಬಿಡಿ, ಬೆಳಕಿಗೆ ಬೇಗ ಕಮಟು ಹಿಡಿಯುತ್ತದೆ. ಸ್ಟೀಲ್ ಕ್ಯಾನಿನಲ್ಲಿ, ಕತ್ತಲಲ್ಲಿ ಇಟ್ಟು ಎರಡು ಮೂರು ತಿಂಗಳಲ್ಲಿ ಮುಗಿಸಿ.

ರಿಫೈನ್ಡ್ ಸೂರ್ಯಕಾಂತಿ ಎಣ್ಣೆಗೆ ರುಚಿ ಏನೂ ಇಲ್ಲ. ಆದರೆ ನೀಲಿ "+ಎಫ್" ಗುರುತು ಇದ್ದರೆ ವಿಟಮಿನ್ ಎ, ಡಿ ಸೇರಿಸಿದ್ದಾರೆಂದು ಅರ್ಥ, ಗಾಣದ ಎಣ್ಣೆಯಲ್ಲಿ ಇದಿಲ್ಲ. "ಕೊಲೆಸ್ಟರಾಲ್ ರಹಿತ" ಎಂಬ ದೊಡ್ಡಕ್ಷರ ನೋಡಿ ಬೀಗಬೇಡಿ, ಯಾವ ಸಸ್ಯದ ಎಣ್ಣೆಯಲ್ಲೂ ಕೊಲೆಸ್ಟರಾಲ್ ಇರುವುದಿಲ್ಲ. ಸೂರ್ಯಕಾಂತಿ, ಕುಸುಬೆ, ಕಡ್ಲೆಕಾಯಿ ಮೂರರಲ್ಲೂ ಮೆದುಳು, ಕಣ್ಣಿನ ಬೆಳವಣಿಗೆಗೆ ಬೇಕಾದ ಒಮೇಗಾ–3 ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಸಾಸಿವೆ ಎಣ್ಣೆಯಲ್ಲಿ ಇದೆ, ನಮ್ಮ ಕಡೆ ಮಕ್ಕಳು ಆ ಘಾಟಿಗೆ ಮೂಗು ಮುರಿಯುತ್ತಾರೆ. ಉತ್ತರ ಕರ್ನಾಟಕದ ಅಗಸಿ ಚಟ್ನಿ ಈ ಕೊರತೆಯನ್ನು ತಾನೇ ತುಂಬುತ್ತದೆ, ಉಪ್ಪು ಕಡಿಮೆ ಹಾಕಿ ಮಾಡಿದರೆ. ಕರಾವಳಿಯವರ ತೆಂಗಿನೆಣ್ಣೆಯಲ್ಲಿ ಹೆಚ್ಚುಕಡಿಮೆ ತೊಂಬತ್ತು ಪಾಲು ಸ್ಯಾಚುರೇಟೆಡ್ ಕೊಬ್ಬು, ಅದೊಂದನ್ನೇ ನೆಚ್ಚಬೇಡಿ. ನಮ್ಮ ಆಯ್ಕೆ ಎರಡು ಎಣ್ಣೆ: ಒಗ್ಗರಣೆಗೆ ಗಾಣದ್ದು, ಉಳಿದದ್ದಕ್ಕೆ "+ಎಫ್" ಗುರುತಿನ ಅಕ್ಕಿ ತೌಡಿನದ್ದೋ ಸೂರ್ಯಕಾಂತಿಯದ್ದೋ.

ಕೊಂಡ ಮೇಲೆ ತಿಂಗಳ ಲೆಕ್ಕ ಇಡಿ. ಅಪ್ಪ, ಅಮ್ಮ, ಐದು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳಿಗೆ ದಿನಕ್ಕೆ 5, 5, 3, 5, ಒಟ್ಟು 18 ಗ್ರಾಂ ಉಪ್ಪು, ತಿಂಗಳಿಗೆ 540. ಒಂದು ಕೆಜಿ ಪ್ಯಾಕೆಟ್ಟು ತಿಂಗಳೊಳಗೆ ಖಾಲಿಯಾದರೆ ಮಿತಿಯ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಅದೇ ಮನೆಗೆ ಎಣ್ಣೆ, ತುಪ್ಪ ಸೇರಿ ದಿನಕ್ಕೆ 100 ಗ್ರಾಂ, ತಿಂಗಳಿಗೆ ಮೂರು ಕೆಜಿ. ಒಂದು ಲೀಟರ್ ಎಣ್ಣೆ 910 ಗ್ರಾಂ ತೂಗುತ್ತದೆ. ಲೀಟರಿನಂತೆಯೇ ಕಾಣುವ 850 ಗ್ರಾಂ ಪೊಟ್ಟಣಗಳೂ ಇವೆ, ತೂಕ ಓದಿ. ಸಾರಿಗೆ ಉಪ್ಪು ಹಾಕುವ ಮೊದಲೇ ಮಗುವಿನ ಪಾಲು ತೆಗೆದಿಡಿ. ನೂಡಲ್ಸ್ ಪೊಟ್ಟಣದ ಹಿಂದಿರುವ ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿ: 800 ಮಿಲಿಗ್ರಾಂ ಇದ್ದರೆ 2 ಗ್ರಾಂ ಉಪ್ಪು, ಎರಡು ವರ್ಷದ ಮಗುವಿನ ಇಡೀ ದಿನದ್ದು ಒಂದೇ ಬಟ್ಟಲಿನಲ್ಲಿ.

ಪೂರಿ ಕರಿಯುವುದಕ್ಕೆ ಗಾಣದ ಎಣ್ಣೆ ಬೇಡ, ಬೇಗ ಹೊಗೆಯಾಡುತ್ತದೆ. ಕರಿದು ಉಳಿದ ಎಣ್ಣೆಯನ್ನು ಆರಿದ ಮೇಲೆ ಸೋಸಿ ಒಗ್ಗರಣೆಗೆ ಎರಡು ಮೂರು ದಿನದಲ್ಲಿ ಮುಗಿಸಿ, ಮತ್ತೆ ಬಾಣಲೆಗೆ ಹಾಕಬೇಡಿ. ನೊರೆ ಎದ್ದು ಇಳಿಯದಿದ್ದರೆ, ಬಣ್ಣ ಕಂದಿ ಮಂದವಾಗಿದ್ದರೆ ಒಗ್ಗರಣೆಗೂ ಬೇಡ, ಚೆಲ್ಲಿಬಿಡಿ.